ಹಳದಿ ಪಟ್ಟಿಯ ಮೆಷಿನ್

ಬಣ್ಣ ಬಳಿಯುವವನು ಸತ್ತ ಮೂರನೇ ವಾರ ಅವನ ಗುನುಗು ನನ್ನ ಕಿವಿಗೆ ಬಿತ್ತು. ಮಧ್ಯಾಹ್ನ ಎರಡೂವರೆ. ರೋಗಿಗಳು ಯಾರೂ ಇರಲಿಲ್ಲ. ನಾನು ಮಂಚಗಳ ಸಾಲಿನ ಈಚೆ ನಿಂತು ಟವೆಲ್ ಮಡಚುತ್ತಿದ್ದೆ. ಮೂರನೇ ಮಂಚದ ಹಸಿರು ಪರದೆಯ ಒಳಗಿನಿಂದ ಬಂತು. ಮಾತಿಲ್ಲದ್ದು, ಮೂಗಿನಲ್ಲೇ ಎಳೆಯುವಂಥದ್ದು, ಎರಡು ಮೆಟ್ಟಿಲು ಹತ್ತಿ ಒಂದು ಇಳಿಯುವ ಹಾಗೆ. ಯಾರೋ ಊಟ ಮುಗಿಸಿ ಬಂದು ಅಡ್ಡಾಗಿದ್ದಾರೆ ಎಂದುಕೊಂಡು ಪರದೆ ಸರಿಸಿದೆ. ಮಂಚ ಖಾಲಿ. ಬೆಳಿಗ್ಗೆ ನಾನೇ ಹಾಸಿದ ಕಾಗದದ ಮೇಲೆ ಒಂದು ಸುಕ್ಕೂ ಇರಲಿಲ್ಲ.

ಹೊರಗೆ ಬಂದು, ಮಡಚಿಟ್ಟಿದ್ದ ಟವೆಲುಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚಿದೆ. ಕೈಗೆ ಕೆಲಸ ಬೇಕಿತ್ತು.

ಆ ಕಾಲೇಜಿನ ಫಿಸಿಯೋಥೆರಪಿ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ಆಯಾ ಆಗಿದ್ದೆ. ಮಂಚ ಒರೆಸುವುದು, ಬಿಸಿ ಚೀಲ ಕಾಯಿಸುವುದು, ಜೆಲ್ ಬಾಟಲಿ ತುಂಬುವುದು, ಬಂದವರನ್ನು ಸಾಲಿನಲ್ಲಿ ಕೂರಿಸುವುದು. ಓದುವ ಮಕ್ಕಳು ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದರು. ವಿಭಾಗದ ಪ್ರೊಫೆಸರ್ ಮಾತ್ರ ಅಕ್ಕ ಎನ್ನುತ್ತಿದ್ದರು. ಅವರಿಗೆ ಮಕ್ಕಳು ಇಟ್ಟ ಅಡ್ಡಹೆಸರು 'ಹತ್ತರಲ್ಲೆಷ್ಟು'. ಯಾಕೆಂದರೆ ರೋಗಿ ಬಾಗಿಲು ದಾಟಿದ ಕೂಡಲೇ ಅವರು ಕೇಳುವ ಮೊದಲ ಮಾತು ಅದೇ: "ನೋವು ಹತ್ತರಲ್ಲಿ ಎಷ್ಟು?" ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾರದ್ದು. ಒಮ್ಮೆ ಕ್ಯಾಂಟೀನಿನಲ್ಲಿ ನಾನು ಸೊಂಟ ಹಿಡಿದುಕೊಂಡು ಎದ್ದಾಗಲೂ, ಕೈಯಲ್ಲಿ ಟೀ ಲೋಟ ಇಟ್ಟುಕೊಂಡೇ, "ಅಕ್ಕ, ಹತ್ತರಲ್ಲಿ ಎಷ್ಟು?" ಎಂದರು. "ನೀವು ಕೇಳೋಕ್ ಮುಂಚೆ ಮೂರು, ಕೇಳಿದ ಮೇಲೆ ಐದು ಸಾರ್" ಎಂದೆ. ಟೀ ಚೆಲ್ಲುವ ಹಾಗೆ ನಕ್ಕರು. ಅಷ್ಟು ನಗುವ ಮನುಷ್ಯ ಅವರು.

ನೋವು ಹೇಗೆ ಕಡಿಮೆಯಾಗುತ್ತದೆ, ಒಳಗಿನ ಗಾಯ ಹೇಗೆ ಕೂಡಿಕೊಳ್ಳುತ್ತದೆ, ಇವೆರಡೇ ಅವರ ಸಂಶೋಧನೆ. ಹನ್ನೆರಡು ವರ್ಷ ಅದರ ಹಿಂದೆಯೇ ಬಿದ್ದಿದ್ದರು. ಆ ವರ್ಷ ಭುಜ ಹಿಡಿದವರನ್ನು ಮಾತ್ರ ತೆಗೆದುಕೊಂಡರು. ಭುಜದಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಒಂದು ಹುರಿ ಇದೆ. ನಮ್ಮಂಥವರು ಅದನ್ನು ನರ ಎನ್ನುತ್ತೇವೆ, ಅವರು ಪ್ರತಿಸಲ ತಿದ್ದುತ್ತಿದ್ದರು. ಕೈ ಎತ್ತಿ ಕೆಲಸ ಮಾಡುವವರಿಗೆ ಆ ಹುರಿ ಸವೆದು ಸೀಳುತ್ತದೆ. ಅಲ್ಟ್ರಾಸೌಂಡ್ ಮೆಷಿನ್ ಎಂದು ಒಂದಿದೆ, ಚಿತ್ರ ತೆಗೆಯುವುದಲ್ಲ, ಚಿಕಿತ್ಸೆಯದು. ಜೆಲ್ ಹಚ್ಚಿ, ಅದರ ನುಣ್ಣನೆಯ ತಲೆಯನ್ನು ಭುಜದ ಮೇಲೆ ಎಂಟು ನಿಮಿಷ ಸುತ್ತಿಸುತ್ತಾರೆ. ಶಬ್ದವಿಲ್ಲ, ಬಿಸಿಯೂ ಹೆಚ್ಚಿಲ್ಲ. ಕಣ್ಣಿಗೆ ಕಾಣದ ಅಲೆ ಒಳಗೆ ಹೋಗಿ ಹುರಿಯನ್ನು ಕೂಡಿಸುತ್ತದೋ ಇಲ್ಲವೋ ಎಂಬುದು ಅವರ ಪ್ರಶ್ನೆ.

ಅದಕ್ಕಾಗಿ ಎರಡು ಹೊಸ ಮೆಷಿನ್ ಬಂದವು. ಒಂದೇ ಆಕಾರ, ಒಂದೇ ದೀಪ, ಎಂಟು ನಿಮಿಷ ಮುಗಿದಾಗ ಒಂದೇ ಗಂಟೆಯ ಸದ್ದು. ಒಂದಕ್ಕೆ ನೀಲಿ ಪಟ್ಟಿ, ಇನ್ನೊಂದಕ್ಕೆ ಹಳದಿ ಪಟ್ಟಿ. ಚೀಟಿ ಎತ್ತಿ ಯಾರಿಗೆ ಯಾವುದು ಎಂದು ನಿಶ್ಚಯಿಸುತ್ತಿದ್ದರು. ಎರಡರಲ್ಲಿ ಒಂದನ್ನು ಬೇಕೆಂದೇ ಸಾಯಿಸಿ ತರಿಸಿದ್ದರು. ಹೊರಗೆ ದೀಪ ಉರಿಯುತ್ತದೆ, ಒಳಗೆ ಅಲೆ ಹುಟ್ಟುವುದಿಲ್ಲ. ಯಾವುದು ಸತ್ತದ್ದು ಎಂದು ಪ್ರೊಫೆಸರಿಗೂ ಗೊತ್ತಿರಲಿಲ್ಲ. ಅದು ಪ್ರಿನ್ಸಿಪಾಲರ ಬೀರುವಿನಲ್ಲಿ, ಅರಗು ಹಚ್ಚಿದ ಲಕೋಟೆಯಲ್ಲಿತ್ತು. ಗೊತ್ತಿದ್ದರೆ ಕೈ ಪಕ್ಷಪಾತ ಮಾಡುತ್ತದಂತೆ.

ಇದೆಲ್ಲ ನನಗೆ ಯಾರೂ ಹೇಳಿರಲಿಲ್ಲ. ಆಯಾಗೆ ಯಾಕೆ ಹೇಳುತ್ತಾರೆ? "ಮೆಷಿನ್ ಒರೆಸಿ, ಸ್ವಿಚ್ ಮುಟ್ಟಬೇಡಿ" ಎಂದಷ್ಟೇ ಹೇಳಿದ್ದರು. ಮೂರು ತಿಂಗಳು ಮುಟ್ಟಲಿಲ್ಲ.

ಮೊದಲ ಸರದಿಯಲ್ಲಿ ಇಪ್ಪತ್ತನಾಲ್ಕು ಜನ ಬಂದರು, ಒಂದೊಂದು ಮೆಷಿನ್ನಿಗೆ ಹನ್ನೆರಡು. ಬಣ್ಣದವನು ಅವರಲ್ಲಿ ಒಬ್ಬ. ಕಟ್ಟಡಗಳಿಗೆ ಬಣ್ಣ ಬಳಿಯುವವನು, ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಸದಾ ಬಿಳಿ. ಮೂರನೇ ಮಂಚದಲ್ಲಿ ಹಳದಿ ಮೆಷಿನ್ನಿಗೆ ಮಲಗುತ್ತಿದ್ದ. ಎಂಟು ನಿಮಿಷವೂ ಕಣ್ಣು ಮುಚ್ಚಿ ಗುನುಗುತ್ತಿದ್ದ, ಗಂಟೆ ಹೊಡೆದ ಕ್ಷಣ ಅರ್ಧಕ್ಕೇ ನಿಲ್ಲಿಸುತ್ತಿದ್ದ. ಪಕ್ಕದ ಮಂಚದಲ್ಲಿ ಇಸ್ತ್ರಿ ಅಂಗಡಿಯವಳು. ಅವಳಿಗೂ ಹಳದಿ ಮೆಷಿನ್ನೇ, ಅವನ ನಂತರದ ಸರದಿ.

"ಏನ್ರೀ, ಹಾಡಿನ ಮಿಕ್ಕ ಅರ್ಧ ಮನೆಗ್ ಕಟ್ಕೊಂಡ್ ಹೋಗ್ತೀರಾ?" ಎನ್ನುತ್ತಿದ್ದಳು ಪರದೆಯ ಆಚೆಯಿಂದ.

"ಮಿಕ್ಕಿದ್ದು ಹೆಂಡ್ತಿಗೆ" ಎನ್ನುತ್ತಿದ್ದ.

"ಪಾಪ, ಆಕೆ ಏನ್ ಪಾಪ ಮಾಡಿದ್ಲೋ."

ಬಂದ ದಿನ ಅವನ ನೋವು ಎಂಟು. ಎರಡನೇ ವಾರ ಐದು. ನಾಲ್ಕನೇ ವಾರ ಒಂದು ದಿನ ಕೈಯನ್ನು ನೇರ ಮೇಲೆತ್ತಿ, "ಸೊನ್ನೆ ಸಾರ್! ದೇವರಾಣೆ ಸೊನ್ನೆ!" ಎಂದ. ಪ್ರೊಫೆಸರ ಮುಖ ಅರಳಿದ್ದನ್ನು ನಾನು ನೋಡಿದೆ.

ನಿಯಮ ಏನೆಂದರೆ, ಆರನೇ ವಾರ ಸ್ಕ್ಯಾನ್ ಮಾಡಿ, ಹುರಿ ಕೂಡಿದೆಯೋ ಇಲ್ಲವೋ ಚಿತ್ರದಲ್ಲಿ ನೋಡಿ, ಆಮೇಲೆ ಕೆಲಸಕ್ಕೆ ಕಳಿಸಬೇಕು. ಆದರೆ ಆ ಮೂರು ತಿಂಗಳು ಸ್ಕ್ಯಾನ್ ಕೋಣೆಯ ಗೋಡೆ ಒಡೆದು ಕಟ್ಟುತ್ತಿದ್ದರು. ಚಿತ್ರ ತೆಗೆಯುವ ದಾರಿ ಇರಲಿಲ್ಲ. ಜನ ಕೂಲಿ ಬಿಟ್ಟು ಎಷ್ಟು ದಿನ ಕೂರುತ್ತಾರೆ? ಸೊನ್ನೆ ಎಂದವರನ್ನೆಲ್ಲ ಪ್ರೊಫೆಸರ್ ಕಳಿಸಿಕೊಟ್ಟರು. ಬಣ್ಣದವನ ಬೆನ್ನು ತಟ್ಟಿ, "ಹೋಗಿ, ನಿಮಗೆ ವಾಸಿಯಾಗಿದೆ" ಎಂದರು. ಅವನು ಅವರ ಕಾಲಿಗೆ ಬಗ್ಗಿದ, ಅವರು ಹಿಂದೆ ಸರಿದರು.

ಇಪ್ಪತ್ತೆರಡು ದಿನಕ್ಕೆ ಸುದ್ದಿ ಬಂತು. ಎರಡನೇ ಮಹಡಿಯ ಎತ್ತರದ ಅಟ್ಟಣೆಯಿಂದ ಬಿದ್ದ. ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಹುಡುಕಿಕೊಂಡು ಬಂದು ಪ್ರೊಫೆಸರ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದ: "ರೋಲರ್ ಹಿಡಿದು ಮೇಲೆತ್ತಿದ್ದ ಸಾರ್. ಕೈ ಹಂಗೇ ಕೆಳಗ್ ಬಿತ್ತು, ಯಾರೋ ಕತ್ತರಿಸಿ ಬಿಟ್ಟ ಹಾಗೆ. ಆ ಕೈ ನೋಡ್ಕೊಳ್ಳೋಕ್ ಹೋಗಿ ಇವನು ಬಿದ್ದ. ಮೇಸ್ತ್ರಿ ಕಾಲು ಜಾರಿದ್ದು ಅಂತಾರೆ. ನಾನ್ ನೋಡಿದ್ದು ಹೇಳ್ದೆ, ಅಷ್ಟೇ."

ಅಂದಿನಿಂದ ಪ್ರೊಫೆಸರ್ ನಗುವುದು ನಿಂತಿತು.

ಅವರಿಗೂ ಗುನುಗು ಕೇಳಿಸುತ್ತಿತ್ತು ಎಂದು ನನಗೆ ಗೊತ್ತಾದದ್ದು ಒಂದು ಪಾಠದ ಹೊತ್ತಿನಲ್ಲಿ. ಹದಿನೈದು ಮಕ್ಕಳು ಸುತ್ತ ನಿಂತಿದ್ದರು. ಪ್ರೊಫೆಸರ್ ಮೂಳೆಯ ಬೊಂಬೆಯ ಭುಜ ತೋರಿಸುತ್ತಿದ್ದವರು ಮಾತು ನಿಲ್ಲಿಸಿ ಮೂರನೇ ಪರದೆಯ ಕಡೆ ತಲೆ ವಾಲಿಸಿದರು. ಮಕ್ಕಳಿಗೆ ಏನೂ ಕೇಳಿಸಿರಲಿಲ್ಲ, ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ನನಗೆ ಕೇಳಿಸುತ್ತಿತ್ತು. ಎರಡು ಮೆಟ್ಟಿಲು ಮೇಲೆ, ಒಂದು ಕೆಳಗೆ.

ಪಾಠ ಮುಗಿದ ಮೇಲೆ ನನ್ನ ಬಳಿ ಬಂದರು. ಬಲಗೈಯಲ್ಲಿ ಎಡಭುಜವನ್ನು ಅದುಮಿಕೊಂಡಿದ್ದರು, ಅದೊಂದು ಹೊಸ ಅಭ್ಯಾಸ.

"ಅಕ್ಕ, ನಿಮಗೇನಾದ್ರೂ ಕೇಳಿಸ್ತಾ?"

"ಇಲ್ಲ ಸಾರ್. ಏನು?"

"ಏನಿಲ್ಲ ಬಿಡಿ. ಪೈಪಿರಬೇಕು."

ಸುಳ್ಳು ಹೇಳಿದೆ. ಹೌದು ಎಂದಿದ್ದರೆ ಅವರು ಇನ್ನಷ್ಟು ಕುಸಿಯುತ್ತಾರೆ ಎಂದುಕೊಂಡೆ. ಆಮೇಲೆ ಅವರು ಆ ಮಂಚವನ್ನು ತೆಗೆಸಿ ಉಗ್ರಾಣಕ್ಕೆ ಹಾಕಿಸಿದರು. ಹೊಸ ಮಂಚ ಬಂತು. ಗುನುಗು ಹೊಸ ಮಂಚಕ್ಕೂ ಬಂತು.

ಮೊದಲ ಸರದಿ ಮುಗಿದು ಎರಡನೆಯದು ಶುರುವಾಗುವ ಮೊದಲು ಒಂದು ವಾರ ಬಿಡುವಿತ್ತು. ಸ್ಕ್ಯಾನ್ ಕೋಣೆಯೂ ಆ ವಾರವೇ ಸಿದ್ಧವಾಯಿತು. ಪ್ರೊಫೆಸರ್ ಬೇರೆ ಊರಿನಲ್ಲಿ ಯಾವುದೋ ಸಭೆಗೆ ಹೋಗಿದ್ದರು, ಜೂನಿಯರುಗಳು ರಜೆ ಹಾಕಿದ್ದರು. ನಾನೊಬ್ಬಳೇ ತೊಳೆಯುವ ಕೆಲಸ ಇಟ್ಟುಕೊಂಡೆ. ಯಾರೂ ಇಲ್ಲದ್ದರಿಂದ, ಎಷ್ಟೋ ವರ್ಷದ ಹಿಂದಿನ ಒಂದು ರೂಢಿಯನ್ನು ಮಾಡಿದೆ. ನಾನು ಕೆಲಸಕ್ಕೆ ಸೇರಿದಾಗ ಇದ್ದ ಹಳೆಯ ಟೆಕ್ನೀಷಿಯನ್ ಕಲಿಸಿಕೊಟ್ಟದ್ದು: ಮೆಷಿನ್ ತಲೆಯನ್ನು ಮೇಲ್ಮುಖ ಹಿಡಿದು ಒಂದು ಹನಿ ನೀರು ಬಿಡಬೇಕು, ಸ್ವಿಚ್ ಹಾಕಬೇಕು. ಜೀವ ಇದ್ದರೆ ಹನಿ ಕುದಿದಂತೆ ನಡುಗುತ್ತದೆ. ದಿನಾ ಬೆಳಿಗ್ಗೆ ಹಳೆಯ ಮೆಷಿನ್ನುಗಳಿಗೆ ಹೀಗೆ ಮಾಡಿಯೇ ನಾನು ಜೆಲ್ ತುಂಬುತ್ತಿದ್ದೆ.

ನೀಲಿಯ ಮೇಲೆ ಹನಿ ಬಿಟ್ಟೆ. ನಡುಗಿತು.

ಹಳದಿಯ ಮೇಲೆ ಬಿಟ್ಟೆ. ದೀಪ ಉರಿಯುತ್ತಿತ್ತು. ಹನಿ ಸುಮ್ಮನೆ ಕೂತಿತ್ತು, ನನ್ನ ಮುಖ ಅದರಲ್ಲಿ ಕಾಣುತ್ತಿತ್ತು.

ಮೂರು ಸಲ ಮಾಡಿದೆ. ಆಮೇಲೆ ಸ್ಟೂಲಿನ ಮೇಲೆ ಕೂತೆ. ಮೂರು ತಿಂಗಳು ಸತ್ತ ಮೆಷಿನ್ನನ್ನು ಹನ್ನೆರಡು ಜನರ ಭುಜಕ್ಕೆ ಉಜ್ಜಿದ್ದೇವೆ! ಬಣ್ಣದವನಿಗೂ ಇದನ್ನೇ. ಇದು ಹೊರಗೆ ಗೊತ್ತಾದರೆ ಪ್ರೊಫೆಸರ ಗತಿ ಏನು? ಮೊದಲೇ ಅರ್ಧ ಆಗಿದ್ದಾರೆ. ಇದನ್ನು ಕೇಳಿದರೆ ಮಿಕ್ಕ ಅರ್ಧವೂ ಹೋಗುತ್ತದೆ.

ಗುರುವಾರ ರಿಪೇರಿಯವನು ಬೇರೆ ಕೆಲಸಕ್ಕೆ ಬಂದಿದ್ದ, ಕತ್ತು ಎಳೆಯುವ ಮೇಜಿನ ಮೋಟರು ನೋಡಲು. ಇಪ್ಪತ್ತು ವರ್ಷದ ಪರಿಚಯ. ಟೀ ತಂದುಕೊಟ್ಟು ಹಳದಿ ಮೆಷಿನ್ನನ್ನು ಅವನ ಮುಂದಿಟ್ಟೆ. ಹಿಡಿಕೆ ಬಿಚ್ಚಿ ನೋಡಿ ನಕ್ಕ.

"ಅಯ್ಯೋ ಅಕ್ಕ, ವೈರೇ ಕಚ್ಚಿಲ್ಲ ಇಲ್ಲಿ. ಫ್ಯಾಕ್ಟರೀಲಿ ನಿದ್ದೆ ಮಾಡಿದ್ದಾರೆ."

"ಸರಿ ಹೋಗುತ್ತಾ?"

"ಈ ಟೀ ಆರೋಕ್ ಮುಂಚೆ." ಬೆಸುಗೆ ಹಾಕಿದ. "ತಗೊಳ್ಳಿ, ಜೀವ ಬಂತು. ರಸೀದಿ ಬೇಕಾ?"

"ಬೇಡಪ್ಪ. ಯಾರಿಗೂ ಹೇಳ್ಬೇಡ."

"ನಾನ್ಯಾರಿಗ್ ಹೇಳ್ಲಿ? ನನ್ನ ಮಾತು ನನ್ನ ಹೆಂಡ್ತೀನೇ ಕೇಳಲ್ಲ."

ಹನಿ ಬಿಟ್ಟು ನೋಡಿದೆ. ನೀಲಿಯ ಹಾಗೆಯೇ ನಡುಗಿತು. ಮನಸ್ಸಿಗೆ ಎಷ್ಟು ನೆಮ್ಮದಿಯಾಯಿತು ಎಂದರೆ, ಅಂದು ಕಿಟಕಿ ಗಾಜುಗಳನ್ನೂ ಒರೆಸಿದೆ.

ಎರಡನೇ ಸರದಿಗೆ ಅರವತ್ತು ಜನ. ಎಲ್ಲರಿಗೂ ಆರನೇ ವಾರ ಸ್ಕ್ಯಾನ್ ಆಯಿತು. ಆರು ತಿಂಗಳು ಹಿಡಿಯಿತು. ಪ್ರೊಫೆಸರ್ ಬರುತ್ತಿದ್ದರು, ಹೋಗುತ್ತಿದ್ದರು. ಮಧ್ಯಾಹ್ನ ಎರಡೂವರೆಗೆ ವಿಭಾಗದೊಳಗೆ ಕಾಲಿಡುತ್ತಿರಲಿಲ್ಲ. ಒಂದು ದಿನ ಅನಿವಾರ್ಯವಾಗಿ ಇರಬೇಕಾಗಿ ಬಂದಾಗ, ಒಬ್ಬ ಮುದುಕನ ಭುಜದ ಮೇಲೆ ಮೆಷಿನ್ ಸುತ್ತಿಸುತ್ತ, ಗಂಟೆ ಹೊಡೆದ ಮೇಲೂ ನಿಲ್ಲಿಸಲೇ ಇಲ್ಲ. ಸುತ್ತಿಸುತ್ತಲೇ ಇದ್ದರು. ಮುದುಕ ನನ್ನ ಮುಖ ನೋಡಿದ. ನಾನು ಹೋಗಿ ಅವರ ಮಣಿಕಟ್ಟು ಹಿಡಿದೆ. "ಆಯ್ತು ಸಾರ್" ಎಂದೆ. ಅವರ ಕೈ ಐಸಿನಂತಿತ್ತು.

ಲಕೋಟೆ ಒಡೆಯುವ ದಿನ ಬಂತು. ಪ್ರಿನ್ಸಿಪಾಲರು, ಜೂನಿಯರುಗಳು, ಮಕ್ಕಳು ಎಲ್ಲ ಸಭೆಯ ಕೋಣೆಯಲ್ಲಿ. ನಾನು ಟೀ ತಟ್ಟೆ ಹಿಡಿದು ಗೋಡೆಗೆ ನಿಂತಿದ್ದೆ. ಪ್ರಿನ್ಸಿಪಾಲರು ಅರಗು ಮುರಿದು ಓದಿದರು: "ಹಳದಿ ಸತ್ತದ್ದು. ನೀಲಿ ಜೀವಂತ."

ತಟ್ಟೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

ಪ್ರೊಫೆಸರ್ ಪ್ರೊಜೆಕ್ಟರ್ ಹಾಕಿ ಗೋಡೆಯ ಮೇಲೆ ಲೆಕ್ಕ ತೋರಿಸಿದರು. ಸ್ಕ್ಯಾನ್ ಆದ ಅರವತ್ತು ಜನರಲ್ಲಿ ನೀಲಿಯವರ ಹುರಿ ಎಷ್ಟು ಕೂಡಿದೆಯೋ ಹಳದಿಯವರದೂ ಅಷ್ಟೇ ಕೂಡಿದೆ. ಕೂದಲೆಳೆಯ ವ್ಯತ್ಯಾಸವಿಲ್ಲ. ಅಂದರೆ ಅಲೆಯಿಂದ ಏನೂ ಆಗುವುದಿಲ್ಲ. ಕೈಯ ಸ್ಪರ್ಶ, ವಿಶ್ರಾಂತಿ, ವ್ಯಾಯಾಮ, ಇವೇ ಸಾಕು. ಸತ್ತ ಮೆಷಿನ್ನಿನಲ್ಲೂ ಹುರಿ ಕೂಡುತ್ತದೆ.

ಒಬ್ಬ ಜೂನಿಯರ್ ಕೇಳಿದ: "ಸಾರ್, ಮೊದಲ ಸರದಿಯವರಿಗೆ ಸ್ಕ್ಯಾನ್ ಆಗಿಲ್ವಲ್ಲ. ಕರೆಸಬೇಕು ಅಂತ ಸಂಶೋಧನೆ ನೋಡ್ಕೊಳ್ಳೋ ಕಮಿಟಿಯವರು ಹೇಳಿದ್ರು."

"ಇನ್ನು ಯಾಕೆ?" ಎಂದರು ಪ್ರೊಫೆಸರ್. "ಹಳದಿಯಲ್ಲಿ ವಾಸಿಯಾಗುತ್ತೆ ಅನ್ನೋದಕ್ಕೆ ಮೂವತ್ತು ಚಿತ್ರ ಇದೆ ಇಲ್ಲಿ. ಅವರಿಗೂ ಆಗಿರುತ್ತೆ." ಪ್ರೊಜೆಕ್ಟರ್ ಆರಿಸಿದರು. "ಎಲ್ಲರಿಗೂ ಆಗಿತ್ತು."

ಸಭೆ ಮುಗಿದ ಮೇಲೆ ನನ್ನ ಕೈಯಿಂದ ಲೋಟ ತೆಗೆದುಕೊಂಡು ಪಿಸುದನಿಯಲ್ಲಿ ಹೇಳಿದರು: "ಅಕ್ಕ, ಅವನ ಭುಜ ಚೆನ್ನಾಗೇ ಇತ್ತು. ಕಾಲೇ ಜಾರಿದ್ದು. ಮೇಸ್ತ್ರಿ ಹೇಳಿದ್ದೇ ನಿಜ." ಅವರ ಕಣ್ಣು ತುಂಬಿತ್ತು. ಏಳೆಂಟು ತಿಂಗಳ ಮೇಲೆ ಅವರು ನಕ್ಕರು.

ನಾನೂ ತಲೆಯಾಡಿಸಿದೆ. ಆ ಮೂವತ್ತು ಚಿತ್ರಗಳೂ ನಾನು ಬದುಕಿಸಿದ ಮೆಷಿನ್ನಿನವು. ಸತ್ತ ಮೆಷಿನ್ನಿನಲ್ಲಿ ಮಲಗಿದವರು ಆ ಹನ್ನೆರಡು ಜನ ಮಾತ್ರ, ಅವರ ಚಿತ್ರ ಒಂದೂ ಇಲ್ಲ. ಅವರ ಹುರಿ ಕೂಡಿದೆ ಎಂದು ಈ ಭೂಮಿಯ ಮೇಲೆ ಯಾರೂ ಹೇಳಲಾರರು. ಒಬ್ಬ ಸತ್ತಿದ್ದಾನೆ. ಹನ್ನೊಂದು ಜನ ನೋವಿಲ್ಲ ಎಂದು ಕೈ ಎತ್ತಿ ದುಡಿಯುತ್ತಿದ್ದಾರೆ.

ಅಂದು ಸಂಜೆ ಮನೆಯಲ್ಲಿ ತಂಗಿಗೆ ಹೇಳಿದೆ. ನಾವಿಬ್ಬರೇ ಇರುವುದು, ಅವಳು ಹೊಲಿಗೆ ಮಾಡುತ್ತಾಳೆ. ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ ನನ್ನನ್ನೇ ನೋಡಿದಳು.

"ಇನ್ನೆಂಟು ತಿಂಗಳಿಗೆ ನೀನು ರಿಟೈರ್ ಆಗ್ತೀಯ. ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ಅಕ್ಕ? ಮೂವತ್ತೊಂದು ವರ್ಷ ಅದೇ ತಾನೆ ಮಾಡಿರೋದು?"

"ಆ ಮನುಷ್ಯ ನಕ್ಕರು ಕಣೇ. ಇವತ್ತು."

"ನಗಲಿ ಬಿಡು. ನಗೋರನ್ನ ಅಳಿಸೋದು ನಿನ್ನ ಕೆಲಸ ಅಲ್ಲ."

ಬಾಯಿ ಮುಚ್ಚಿಕೊಂಡೆ. ಪ್ರೊಫೆಸರ್ ಮಧ್ಯಾಹ್ನವೂ ವಿಭಾಗಕ್ಕೆ ಬರತೊಡಗಿದರು. ಮೂರನೇ ಪರದೆಯ ಪಕ್ಕದಲ್ಲೇ ನಿಂತು ಪಾಠ ಮಾಡುತ್ತಿದ್ದರು, ತಲೆ ವಾಲಿಸುತ್ತಿರಲಿಲ್ಲ. ಅವರಿಗೆ ಗುನುಗು ಕೇಳುವುದು ನಿಂತುಹೋಗಿತ್ತು. ನನಗೆ ಮಾತ್ರ ಜಾಸ್ತಿಯಾಯಿತು. ಮೊದಲು ಎರಡೂವರೆಗೆ ಮಾತ್ರ ಇದ್ದದ್ದು ಬೆಳಿಗ್ಗೆ ಬೀಗ ತೆಗೆಯುವಾಗಲೇ ಶುರುವಾಗುತ್ತಿತ್ತು. ಒಂದು ದಿನ ಪರದೆಯ ಒಳಗೇ ನಿಂತುಕೊಂಡು, "ಏನಪ್ಪಾ ಬೇಕು ನಿನಗೆ?" ಎಂದು ಕೇಳಿಬಿಟ್ಟೆ. ಗುನುಗು ನಿಲ್ಲಲಿಲ್ಲ. ನನ್ನ ಮಾತನ್ನು ಕೇಳಿಸಿಕೊಂಡವರ ಹಾಗೆ ಸ್ವಲ್ಪ ತಗ್ಗಿತು, ಅಷ್ಟೇ.

ಹೀಗೆ ಹನ್ನೆರಡು ದಿನ. ಹದಿಮೂರನೇ ದಿನ ಕೆಲಸಕ್ಕೆ ಬರುವಾಗ ಇಸ್ತ್ರಿ ಅಂಗಡಿಯ ಮುಂದೆ ಹಾದೆ. ಅಂಗಡಿಯವಳು ಒಂದು ದೊಡ್ಡ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಅಟ್ಟಕ್ಕೆ ತಳ್ಳುತ್ತಿದ್ದಳು. ಕೆಳಗೆ, ಅವಳ ಕಾಲ ಬಳಿ, ಕೆಂಡದ ಇಸ್ತ್ರಿ ಪೆಟ್ಟಿಗೆ ಹೊಗೆಯಾಡುತ್ತಿತ್ತು.

"ಅಕ್ಕಾ, ನೋಡಿ ನೀವು ವಾಸಿ ಮಾಡಿದ ಭುಜ!" ಎಂದು ಕೂಗಿದಳು ನನ್ನನ್ನು ನೋಡಿ. "ಬಂಡಿ ಎಳೀಬಹುದು ಈಗ. ಆ ಹಾಡಿನವರು ಹೇಗಿದ್ದಾರೆ?"

ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಂದ ಕಾಲೇಜಿಗೆ ಎರಡು ಬೀದಿ. ಓಡುವ ವಯಸ್ಸಲ್ಲ, ಆದರೂ ಓಡಿದಂತೆಯೇ ಹೋದೆ.

ಪ್ರೊಫೆಸರ್ ಕೋಣೆಯಲ್ಲಿ ಯಾವುದೋ ಪತ್ರಿಕೆಗೆ ಕಳಿಸಿದ ತಮ್ಮ ಬರಹದ ಅಚ್ಚಿನ ಪ್ರತಿ ತಿದ್ದುತ್ತಿದ್ದರು. "ಸಾರ್, ಒಂದು ನಿಮಿಷ ಬನ್ನಿ" ಎಂದೆ. ನನ್ನ ಮುಖ ನೋಡಿ ಏನೂ ಕೇಳದೆ ಎದ್ದು ಬಂದರು. ಎರಡು ಮೆಷಿನ್ನುಗಳನ್ನೂ ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದೆ. ನೀಲಿಯ ಮೇಲೆ ಒಂದು ಹನಿ ಬಿಟ್ಟೆ. ನಡುಗಿತು. ಹಳದಿಯ ಮೇಲೆ ಒಂದು ಹನಿ.

ಅದೂ ನಡುಗಿತು.

ಅವರು ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು. ಹನಿ ಸಣ್ಣಗೆ ಸಿಡಿದು ಆವಿಯಂತಾಗಿ ಮುಗಿಯಿತು. ನಾನೇ ಇನ್ನೊಂದು ಬಿಟ್ಟೆ.

"ಯಾವಾಗಿಂದ?" ಎಂದರು.

"ನಾನೇ ಮಾಡ್ಸಿದ್ದು ಸಾರ್. ಕೆಟ್ಟಿದೆ ಅಂದ್ಕೊಂಡೆ. ನಿಮಗೆ ಕೆಟ್ಟ ಹೆಸರು ಬರಬಾರದು ಅಂತ ಹೇಳ್ಲಿಲ್ಲ."

"ಯಾವಾಗ ಅಕ್ಕ? ಯಾವ ದಿನ?"

"ನೀವು ಸಭೆಗೆ ಹೋಗಿದ್ದ ವಾರ. ಗುರುವಾರ, ಹನ್ನೊಂದೂವರೆ ಗಂಟೆ. ಸ್ಕ್ಯಾನ್ ಕೋಣೆಗೆ ಹೊಸ ಬಾಗಿಲು ಇಟ್ಟ ಮಾರನೇ ದಿನ. ಮೊದಲ ಸರದಿ ಮುಗಿದಿತ್ತು. ಎರಡನೇದು ಸೋಮವಾರ ಶುರು."

ಅವರು ಕುರ್ಚಿಗಾಗಿ ಕೈ ಚಾಚಿದರು, ಕುರ್ಚಿ ಅಲ್ಲಿರಲಿಲ್ಲ. ನಾನು ಎಳೆದುಕೊಟ್ಟೆ. ಬೈಯುತ್ತಾರೆ ಎಂದು ನಿಂತಿದ್ದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ನಾನು ಏನನ್ನೂ ಕಂಡುಹಿಡಿದಿಲ್ಲ" ಎಂದರು. "ಎರಡು ಜೀವಂತ ಮೆಷಿನ್ ಒಂದೇ ಥರ ಕೆಲಸ ಮಾಡ್ತವೆ ಅನ್ನೋದನ್ನ ಕಂಡುಹಿಡಿದಿದ್ದೀನಿ."

"ಸಾರ್..."

"ಅವನಿಗೆ ಏನೂ ಮಾಡಿರಲಿಲ್ಲ ನಾವು. ಬರೀ ಜೆಲ್. ನಾನು ಬೆನ್ನು ತಟ್ಟಿದೆ, ವಾಸಿಯಾಗಿದೆ ಅಂದೆ. ಅವನು ನಂಬಿ ನೋವನ್ನೇ ಬಿಟ್ಟುಬಿಟ್ಟ. ನೋವು ಇದ್ದಿದ್ರೆ ಕೈ ಎತ್ತುತ್ತಿರಲಿಲ್ಲ ಅಕ್ಕ. ಅವನನ್ನ ಕಾಯೋದಕ್ಕೆ ಇದ್ದದ್ದು ಅದೊಂದೇ."

ಮಾತು ಮುಗಿಯುತ್ತಿದ್ದಂತೆ ಅವರ ತಲೆ ಮೂರನೇ ಪರದೆಯ ಕಡೆ ವಾಲಿತು. ನನ್ನದೂ ವಾಲಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಕೇಳಿಸ್ತಾ ಇದೆ ಅಲ್ವಾ ನಿಮಗೂ?" ಎಂದರು.

"ಹೂಂ ಸಾರ್. ಮೊದಲಿಂದಲೂ."

"ನಾನೊಬ್ಬನೇ ಅಂದ್ಕೊಂಡಿದ್ದೆ." ಮುಖವನ್ನು ಎರಡೂ ಅಂಗೈಯಲ್ಲಿ ಉಜ್ಜಿಕೊಂಡರು. ನಾನು ಅವಸರ ಮಾಡುವವಳಲ್ಲ, ಆದರೆ ಅಂದು ಮಾಡಿದೆ.

"ಸಾರ್, ಇಸ್ತ್ರಿಯವಳು ಗಂಟು ಎತ್ತುತ್ತಿದ್ದಾಳೆ. ಕೆಳಗೆ ಕೆಂಡ ಇದೆ."

ಅವರು ಎದ್ದರು. ಕೋಟು ಹಾಕಿಕೊಳ್ಳಲಿಲ್ಲ, ಕೋಣೆಗೆ ಬೀಗವನ್ನೂ ಹಾಕಲಿಲ್ಲ. ಎರಡು ಬೀದಿಯನ್ನೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಅಂಗಡಿಯವಳು ಇನ್ನೊಂದು ಗಂಟನ್ನು ಸೊಂಟದವರೆಗೆ ಎತ್ತಿದ್ದಳು.

"ಕೆಳಗಿಡಿ!" ಎಂದು ಬೀದಿಯಿಂದಲೇ ಕೂಗಿದರು. ಸೈಕಲ್ಲಿನವರು ಇಬ್ಬರು ನಿಂತರು.

"ಅಯ್ಯೋ ಡಾಕ್ಟ್ರೇ, ಏನಾಯ್ತು? ನನ್ನ ಗಂಡ ಕೂಡ ಇಷ್ಟು ಜೋರಾಗಿ ಕೂಗಲ್ಲ."

"ಕೆಳಗಿಡಿ ತಾಯಿ. ನಿಧಾನ. ಆ ಕೈ ಎತ್ತಬೇಡಿ."

"ನೋವೇ ಇಲ್ಲ ನನಗೆ!"

"ಗೊತ್ತು. ಅದಕ್ಕೇ ಬಂದಿದ್ದೀನಿ."

ಅಂಗಡಿಗೆ ಅರ್ಧ ಬಾಗಿಲು ಎಳೆಸಿ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಕೋಣೆಯ ಮೂಲೆಯಲ್ಲಿ ನಾನೂ ನಿಂತಿದ್ದೆ. ಪರದೆಯ ಮೇಲಿನ ಬೂದಿಬಣ್ಣದ ಚಿತ್ರ ನನಗೆ ಅರ್ಥವಾಗುವಂಥದ್ದಲ್ಲ, ಆದರೆ ಪ್ರೊಫೆಸರ ಉಸಿರು ನಿಂತದ್ದು ಅರ್ಥವಾಯಿತು. ಬೆರಳು ಇಟ್ಟು ತೋರಿಸಿದರು. ಹುರಿ ಮುಕ್ಕಾಲು ಸೀಳಿತ್ತು. ಒಂದು ಅಂಚು ಮಾತ್ರ ಹಿಡಿದುಕೊಂಡಿತ್ತು.

ತೋಳನ್ನು ಎದೆಗೆ ಕಟ್ಟುವಾಗ ಅವಳು ನನ್ನ ಕಡೆ ತಿರುಗಿ, "ಹಾಗಾದ್ರೆ ಆ ಹಾಡಿನವರು?" ಎಂದಳು. ಪ್ರೊಫೆಸರೇ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ, ನನ್ನ ಹೆಸರನ್ನು ಮಾತ್ರ ಎತ್ತಲಿಲ್ಲ. ನಾನೇ ಎತ್ತಿದೆ. ಅವಳು ಇಬ್ಬರನ್ನೂ ನೋಡಿ, ಕಟ್ಟಿದ ತೋಳನ್ನು ಇನ್ನೊಂದು ಕೈಯಿಂದ ಎದೆಗೆ ಒತ್ತಿಕೊಂಡಳು.

ಆ ಮಧ್ಯಾಹ್ನ ಅವರು ಪತ್ರಿಕೆಗೆ ಫೋನು ಮಾಡಿ ಬರಹವನ್ನು ಹಿಂದಕ್ಕೆ ಪಡೆದರು. ಪ್ರಿನ್ಸಿಪಾಲರ ಕೋಣೆಯಿಂದ ಕೂಗಾಟ ಕೇಳಿಸಿತು, ಅದು ಪ್ರಿನ್ಸಿಪಾಲರದು ಮಾತ್ರ. ಆಮೇಲೆ ರಿಜಿಸ್ಟರ್ ತೆರೆದು ಮಿಕ್ಕ ಹತ್ತು ಜನರಿಗೆ ಒಬ್ಬೊಬ್ಬರಾಗಿ ಫೋನು ಹಚ್ಚಿದರು. ಒಂಬತ್ತು ಜನ ಸಿಕ್ಕರು. ಹತ್ತನೆಯವನು ಮೂಟೆ ಹೊರುವವನು. ಅವನು ಕೊಟ್ಟಿದ್ದ ನಂಬರು ಸುಳ್ಳಾಗಿತ್ತು, ವಿಳಾಸದ ಜಾಗ ಖಾಲಿ.

"ಮರ ಕೊಯ್ಯೋ ಮಿಲ್ಲಿನ ಹಿಂದೆ ಸಾರ್" ಎಂದೆ. "ಮೊದಲನೇ ದಿನ ಕೂತಿದ್ದಾಗ ಹೇಳಿದ್ದ. ಗರಗಸದ ಸದ್ದಿಗೆ ಮಗು ಮಲಗಲ್ಲ ಅಂತ. ಮೆಟ್ಟಿಲು ಹೊರಗಡೆ ಇರೋ ಮನೆ."

ಇಬ್ಬರೂ ಹೋದೆವು. ಸಂಜೆ ಐದರ ಬಿಸಿಲು, ಓಣಿಯ ತುಂಬ ಮರದ ಹೊಟ್ಟು. ಮೆಟ್ಟಿಲು ಹೊರಗಿರುವ ಮನೆಗಳು ಮೂರು ಇದ್ದವು. ಮೊದಲೆರಡರಲ್ಲಿ ಅವನಿರಲಿಲ್ಲ. ಮೂರನೆಯದರ ಮೆಟ್ಟಿಲ ಕೆಳಗೆ ನಿಂತು ಪ್ರೊಫೆಸರ್ ಅವನ ಹೆಸರು ಹಿಡಿದು ಕರೆದರು. ಮೇಲೆ ಬಾಗಿಲು ತೆರೆಯಿತು. ಅವನೇ. ಬಲತೋಳಿನ ಮೇಲೆ ಎರಡು ವರ್ಷದ ಮಗು. ಇನ್ನೊಂದು ಕೈಯಲ್ಲಿ ಬಕೆಟ್ಟು.

"ಸಾರ್! ನೀವು ಇಲ್ಲಿಗೆ? ಬನ್ನಿ, ಬನ್ನಿ ಮೇಲಕ್ಕೆ. ನೋಡಿ ಕೈ, ಹೂವಿನ ಹಾಗಿದೆ." ಬಕೆಟ್ಟು ಕೆಳಗಿಟ್ಟು, ಮಗುವನ್ನು ಮೇಲಕ್ಕೆ ಎಸೆದು ಹಿಡಿಯಲು ತೋಳು ತಗ್ಗಿಸಿದ.

ಪ್ರೊಫೆಸರ್ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ, ಅವನ ತೋಳಿನಿಂದ ಮಗುವನ್ನು ತಾವೇ ಎತ್ತಿಕೊಂಡರು. ಮಗು ಅಪರಿಚಿತ ಮುಖ ಕಂಡು ಕಿರುಚಿಕೊಂಡಿತು. ಅವರು ಬಿಡಲಿಲ್ಲ. ಅಳುವ ಮಗುವನ್ನು ಎದೆಗೆ ಒತ್ತಿಕೊಂಡು, ಏದುಸಿರು ಬಿಡುತ್ತ ಹೇಳಿದರು:

"ನಿಮಗೆ ವಾಸಿಯಾಗಿಲ್ಲಪ್ಪ. ಅವತ್ತು ನಾನು ತಪ್ಪು ಹೇಳಿದ್ದೆ."